ಕತ್ತು-ಭುಜ ಹಿಡ್ಕೊಳ್ಳೋದಕ್ಕೆ ಮನೇಲೇ ಏನು ಮಾಡ್ಬಹುದು: ಲ್ಯಾಪ್‌ಟಾಪ್ ಮುಂದೆ ಕೂರೋರಿಗೆ ಸ್ಟೆಪ್ ಬೈ ಸ್ಟೆಪ್ ಗೈಡ್

ಮೊದಲೇ ಹೇಳ್ಬಿಡ್ತೀನಿ, ಇದ್ರಲ್ಲಿ "ನೆಟ್ಟಗೆ ಕೂತ್ಕೊಳ್ಳಿ" ಅನ್ನೋ ಸಲಹೆ ಎಲ್ಲೂ ಸಿಗಲ್ಲ. ಆ ಮಾತು ಕೇಳಿದ ತಕ್ಷಣ ನಾವು ಏನ್ ಮಾಡ್ತೀವಿ? ಎದೆ ಉಬ್ಬಿಸ್ತೀವಿ, ಸೊಂಟ ಬಿಗಿ ಮಾಡ್ತೀವಿ, ಎರಡೂ ಭುಜ ಹಿಂದಕ್ಕೆ ಎಳ್ಕೊಂಡು ಪರೇಡ್‌ಗೆ ನಿಂತೋರ ಥರ ಕೂರ್ತೀವಿ, ಎರಡು ನಿಮಿಷಕ್ಕೆ ಬೆನ್ನು ಸೋತು ಮತ್ತೆ ಕುಸಿದು ಕೂರ್ತೀವಿ. ಈಗಾಗ್ಲೇ ಬಿಗಿ ಆಗಿರೋ ಸ್ನಾಯುಗಳಿಗೆ ಇನ್ನೊಂದಿಷ್ಟು ಕೆಲಸ ಕೊಟ್ಟಿದ್ದು ಬಿಟ್ರೆ ಬೇರೇನೂ ಆಗಿರಲ್ಲ.

ಇಲ್ಲಿ ಹೇಳೋದ್ರ ಆರ್ಡರ್ ಸ್ವಲ್ಪ ಬೇರೆ. ಮೊದ್ಲು ಬೇಡದೇ ಇರೋ ಬಿಗಿ ಎಲ್ಲಿದೆ ಅಂತ ಕಂಡುಹಿಡಿದು ಅದನ್ನ ಬಿಡೋದು, ಆಮೇಲೆ ಟೇಬಲ್ ಕುರ್ಚಿ ಸರಿ ಮಾಡ್ಕೊಳ್ಳೋದು, ಆಗಾಗ ಅಲ್ಲಾಡೋದು, ಕೊನೇಲಿ ಸ್ವಲ್ಪ ಬಲ ಬೆಳೆಸ್ಕೊಳ್ಳೋದು. ಜನ ಸಾಮಾನ್ಯವಾಗಿ ಉಲ್ಟಾ ಮಾಡ್ತಾರೆ, ಮೊದ್ಲು ದುಬಾರಿ ಕುರ್ಚಿ ತರ್ತಾರೆ.

ಈ ನೋವು ಬರೋದು ಯಾಕೆ

ದೊಡ್ಡೋರ ತಲೆ ತೂಕ ಹತ್ತತ್ರ ನಾಲ್ಕೂವರೆಯಿಂದ ಐದು ಕೆಜಿ. ಅದು ಬೆನ್ನುಮೂಳೆ ಮೇಲೇ ಕೂತಿದ್ರೆ ಕತ್ತಿನ ಹಿಂದಿನ ಸ್ನಾಯುಗಳಿಗೆ ಅಷ್ಟೇನೂ ಕೆಲಸ ಇರಲ್ಲ, ಸ್ಕ್ರೀನ್ ಕಡೆ ಮುಂದಕ್ಕೆ ಬಾಗಿದ್ರೆ ಅದು ಬೀಳದ ಹಾಗೆ ಹಿಡ್ಕೊಳ್ಳೋ ಜವಾಬ್ದಾರಿ ಪೂರ್ತಿ ಅವುಗಳದ್ದೇ. ಇದ್ರಲ್ಲಿ ಮುಖ್ಯವಾದ್ದು ಟ್ರಪೀಜಿಯಸ್ ಅನ್ನೋ ದೊಡ್ಡ ಸ್ನಾಯು, ತಲೆಬುರುಡೆ ಬುಡದಿಂದ ಶುರುವಾಗಿ ಎರಡೂ ಭುಜದ ತುದಿವರೆಗೂ ಹರಡ್ಕೊಂಡು ಕೆಳಗೆ ಬೆನ್ನಿನ ಮಧ್ಯದವರೆಗೂ ಇಳಿಯುತ್ತೆ. ಸಂಜೆ ಹೊತ್ತಿಗೆ ನೀವೇ ಕೈ ಹಾಕಿ ಹಿಸುಕ್ಕೊಳ್ತೀರಲ್ಲ, ಕತ್ತು ಭುಜ ಸೇರೋ ಜಾಗ, ಅದೇ ಇದು.

ಸ್ನಾಯು ಬಿಗಿ ಆಗೋದು, ಸಡಿಲ ಆಗೋದು, ಹಿಂಗೆ ಆಗ್ತಾ ಇದ್ರೆ ರಕ್ತ ಚೆನ್ನಾಗಿ ಓಡಾಡುತ್ತೆ. ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಗಿ ಹಿಡ್ಕೊಂಡೇ ಇದ್ರೆ ಅದಕ್ಕೆ ರೆಸ್ಟ್ ಸಿಗಲ್ಲ, ತೊಂದ್ರೆ ಇರೋದು ಅಲ್ಲೇ. ಅದಕ್ಕೇ ದಿನವಿಡೀ ಮನೆಕೆಲಸ ಮಾಡಿದೋರಿಗಿಂತ ಆರಾಮಾಗಿ ಕೂತೋರಿಗೇ ಎಷ್ಟೋ ಸಲ ಕತ್ತು ಜಾಸ್ತಿ ಹಿಡ್ಕೊಳ್ಳೋದು. ಇನ್ನೊಂದು, ಟೆನ್ಷನ್ ಆದಾಗ್ಲೂ ಈ ಟ್ರಪೀಜಿಯಸ್ ತಾನಾಗೇ ಬಿಗಿ ಆಗುತ್ತೆ, ಡೆಡ್‌ಲೈನ್ ದಿನ ಕೂತಿರೋ ರೀತಿ ಅದೇ ಇದ್ರೂ ನೋವು ಮಾತ್ರ ಹೆಚ್ಚು.

ಮೊದ್ಲು ಇದನ್ನ ನೋಡ್ಕೊಳ್ಳಿ

ಈ ಕೆಳಗಿಂದು ಏನಾದ್ರೂ ಇದ್ರೆ ಈ ಗೈಡ್ ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಹೋಗಿ: ನೋವು ಕೈಗೆ ಅಥವಾ ಕಾಲಿಗೆ ಇಳಿದು ಜೋಮು ಹಿಡಿಯೋದು, ಕೈಲಿ ಹಿಡಿದ ಲೋಟ ಜಾರೋ ಅಷ್ಟು ಶಕ್ತಿ ಕಮ್ಮಿ ಆಗೋದು, ನಡಿಗೆ ತೂರಾಡೋದು, ಬಿದ್ದು ಅಥವಾ ಆಕ್ಸಿಡೆಂಟ್ ಆಗಿ ಶುರುವಾದ ನೋವು, ಜೊತೆಗೆ ಜ್ವರ ಅಥವಾ ಕಾರಣ ಇಲ್ಲದೆ ತೂಕ ಇಳಿಯೋದು, ರಾತ್ರಿ ಮಲಗಿದ್ರೂ ಕಮ್ಮಿ ಆಗದ ನೋವು. ಮೂತ್ರ, ಮಲದ ಮೇಲೆ ಹಿಡಿತ ತಪ್ಪಿದ್ರೆ ಅವತ್ತೇ ಎಮರ್ಜೆನ್ಸಿಗೆ. ಎದೆ ನೋವಿನ ಜೊತೆ ಎಡಭುಜ, ದವಡೆ ನೋವು, ಬೆವರು, ಉಸಿರಾಟದ ಕಷ್ಟ ಬಂದ್ರೆ ಅದು ಕೂತಿದ್ದಕ್ಕೆ ಬಂದಿರೋ ನೋವು ಅಂತ ಮುಲಾಮು ಹಚ್ಕೊಂಡು ಮಲಗೋ ಹಾಗೇ ಇಲ್ಲ, ಸೀದಾ ಆಸ್ಪತ್ರೆಗೆ.

ಸ್ಟೆಪ್ 1: ಬಿಗಿ ಎಲ್ಲಿದೆ ಅಂತ ಹಿಡಿಯಿರಿ

ಇದನ್ನ ಓದ್ತಾ ಇರೋ ಹಾಗೇ ಮಾಡ್ಬಹುದು. ಕೂತಿರೋ ಪೊಸಿಷನ್ ಬದಲಾಯಿಸ್ಬೇಡಿ, ಸುಮ್ನೆ ಗಮನಿಸಿ. ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಕ್ಕೊಂದು ತಾಗಿದ್ಯಾ? ಬಾಯಿ ಮುಚ್ಚಿದಾಗ ತುಟಿ ಸೇರಿರ್ಬೇಕು, ಹಲ್ಲುಗಳ ಮಧ್ಯೆ ಸಣ್ಣ ಗ್ಯಾಪ್ ಇರ್ಬೇಕು, ನಾಲಿಗೆ ಮೆತ್ತಗಿರ್ಬೇಕು. ಭುಜ ಕಿವಿ ಕಡೆ ಎದ್ದಿದ್ಯಾ? ಮೌಸ್ ಹಿಡಿದಿರೋ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದೆ? ಹೊಟ್ಟೆ ಒಳಗೆ ಎಳ್ಕೊಂಡಿದ್ದೀರಾ? ಉಸಿರು ಹಿಡಿದಿದ್ದೀರಾ? ಈ ಕೊನೇದು ತುಂಬಾ ಜನಕ್ಕೆ ಗೊತ್ತೇ ಇರಲ್ಲ, ಕಷ್ಟದ ಮೇಲ್ ಟೈಪ್ ಮಾಡುವಾಗ ಉಸಿರು ಅರ್ಧಕ್ಕೇ ನಿಲ್ಲಿಸ್ಕೊಂಡಿರ್ತೀವಿ.

ಸಿಕ್ಕ ಬಿಗಿನ ಬಿಡೋಕೆ ಟ್ರೈ ಮಾಡಿ. "ಭುಜ ಕೆಳಗೆ ಒತ್ತಬೇಕು" ಅಂತ ಹೊರಟ್ರೆ ಅದೂ ಇನ್ನೊಂದು ಥರದ ಬಿಗಿ ಆಗ್ಬಿಡುತ್ತೆ. ಬಿಡೋದು ಅಂದ್ರೆ ಹಿಡಿದಿರೋದನ್ನ ನಿಲ್ಸೋದು, ಅಷ್ಟೇ. ಕೆಲವರಿಗೆ ಎಷ್ಟು ಹೇಳಿದ್ರೂ ಭುಜ ಇಳಿಯಲ್ಲ, ಅದು ಬಿಗಿ ಇದೆ ಅಂತಾನೇ ತಿಳಿಯಲ್ಲ, ಅವರಿಗೆ ಒಂದು ಹಳೇ ಉಪಾಯ ಇದೆ. ಬೇಕಂತಲೇ ಎರಡೂ ಭುಜನ ಕಿವಿವರೆಗೂ ಎತ್ತಿ ಐದು ಸೆಕೆಂಡ್ ಗಟ್ಟಿಯಾಗಿ ಹಿಡಿದು, ಉಸಿರು ಬಿಡ್ತಾ ಒಂದೇ ಸಲಕ್ಕೆ ಕೈಬಿಡಿ, ಆಗ ಬಿಗಿ ಅಂದ್ರೆ ಯಾವ್ದು ಸಡಿಲ ಅಂದ್ರೆ ಯಾವ್ದು ಅಂತ ಮೈಗೇ ಗೊತ್ತಾಗುತ್ತೆ. ಎಡ್ಮಂಡ್ ಜೇಕಬ್ಸನ್ ಅನ್ನೋ ಅಮೆರಿಕದ ಡಾಕ್ಟರ್ ನೂರು ವರ್ಷದ ಹಿಂದೆ ಇಡೀ ಮೈಗೆ ಬೆಳೆಸಿದ ಪದ್ಧತಿ ಇದು, ಈಗ್ಲೂ ನಿದ್ದೆ ಬರದೇ ಇರೋರಿಗೆ ಹೇಳಿಕೊಡ್ತಾರೆ.

ಮೊದಲನೇ ವಾರ ಬರೀ ಇಷ್ಟೇ ಮಾಡಿ ಅಂದ್ರೂ ತಪ್ಪಿಲ್ಲ. ನೆನಪಾಗೋಕೆ ಯಾವ್ದಾದ್ರೂ ಒಂದು ಕೆಲಸಕ್ಕೆ ಗಂಟು ಹಾಕಿ: ಫೋನ್ ರಿಂಗ್ ಆದಾಗೆಲ್ಲ, ಅಥವಾ ಸಿಗ್ನಲ್‌ನಲ್ಲಿ ಗಾಡಿ ನಿಂತಾಗೆಲ್ಲ ಹಲ್ಲು, ಭುಜ, ಉಸಿರು ಮೂರನ್ನ ನೋಡ್ಕೊಳ್ಳೋದು. ಬೆಂಗಳೂರಲ್ಲಿ ಇರೋರಿಗೆ ಸಿಗ್ನಲ್ ಕೊರತೆ ಅಂತೂ ಆಗಲ್ಲ.

ಸ್ಟೆಪ್ 2: ದಿನಾ ಹತ್ತು ನಿಮಿಷ ನೆಲದ ಮೇಲೆ

ಇಡೀ ಗೈಡಲ್ಲಿ ಒಂದೇ ಒಂದು ಮಾಡ್ತೀನಿ ಅನ್ನೋರು ಇದನ್ನ ಮಾಡಿ. ಚಾಪೆ ಅಥವಾ ಯೋಗ ಮ್ಯಾಟ್ ಹಾಸಿ ಅಂಗಾತ ಮಲ್ಕೊಳ್ಳಿ. ಮಂಡಿ ಮಡಚಿ ಪಾದ ನೆಲದ ಮೇಲೆ ಊರಿ, ಎರಡು ಪಾದದ ಮಧ್ಯೆ ಸೊಂಟದಷ್ಟು ಅಗಲ ಬಿಡಿ, ಮಂಡಿ ಮೇಲ್ಛಾವಣಿ ಕಡೆ ಇರ್ಲಿ. ಕೈ ಹೊಟ್ಟೆ ಮೇಲೆ. ತಲೆ ಕೆಳಗೆ ದಿಂಬು ಬೇಡ, ಅದು ಕುಸಿಯುತ್ತೆ, ಎರಡೋ ಮೂರೋ ತೆಳು ಪುಸ್ತಕ ಇಡಿ. ಎಷ್ಟು ಎತ್ತರ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ, ಗದ್ದ ಮೇಲಕ್ಕೆ ಎದ್ದು ತಲೆ ಹಿಂದಕ್ಕೆ ವಾಲಿದ್ರೆ ಪುಸ್ತಕ ಕಮ್ಮಿ ಆಯ್ತು, ಗಂಟಲು ಒತ್ತಿದ ಹಾಗಾಗಿ ಉಗುಳು ನುಂಗೋಕೆ ಕಷ್ಟ ಆದ್ರೆ ಜಾಸ್ತಿ ಆಯ್ತು.

ಆಮೇಲೆ ಏನೂ ಮಾಡ್ಬೇಡಿ. ಸೊಂಟದ ಕೆಳಗೆ ಗ್ಯಾಪ್ ಇದ್ರೆ ಅದನ್ನ ನೆಲಕ್ಕೆ ಒತ್ಬೇಡಿ, ನಿಧಾನಕ್ಕೆ ತಾನಾಗೇ ಇಳಿಯುತ್ತೆ, ಇಳಿಯದೇ ಇದ್ರೂ ಪರವಾಗಿಲ್ಲ. ಕಣ್ಣು ತೆಗೆದೇ ಇರಿ, ಇಲ್ಲಾಂದ್ರೆ ನಿದ್ದೆ. ಫೋನ್ ಬೇರೆ ರೂಮಲ್ಲಿ. ಆಗಾಗ ಹಲ್ಲು, ಭುಜ, ಉಸಿರು ನೋಡ್ಕೊಳ್ಳಿ. ಶವಾಸನ ಮಾಡಿ ಅಭ್ಯಾಸ ಇರೋರಿಗೆ ಇದು ಹೊಸದೇನಲ್ಲ ಅನ್ನಿಸ್ಬಹುದು, ಆದ್ರೆ ಮಂಡಿ ಮಡಚಿರೋದ್ರಿಂದ ಸೊಂಟಕ್ಕೆ ಆಗೋ ಎಳೆತ ಕಮ್ಮಿ, ಪುಸ್ತಕ ಇರೋದ್ರಿಂದ ಕತ್ತು ಹಿಂದಕ್ಕೆ ಮಡಚಲ್ಲ. ಏಳೋವಾಗ ಕತ್ತು ಎತ್ಕೊಂಡು ಸೀದಾ ಏಳ್ಬೇಡಿ, ಮಗ್ಗುಲಿಗೆ ಹೊರಳಿ ಕೈ ಊರಿ ಏಳಿ. ಬಸುರಿಯರು ಕೊನೇ ತಿಂಗಳುಗಳಲ್ಲಿ ಹೀಗೆ ಅಂಗಾತ ಮಲಗೋ ಬದಲು ಎಡಮಗ್ಗುಲಾಗಿ ಮಲ್ಕೊಳ್ಳೋದು ಒಳ್ಳೇದು.

ಇದು ಬಂದಿರೋದು ಅಲೆಕ್ಸಾಂಡರ್ ಟೆಕ್ನಿಕ್ ಅನ್ನೋ ಪದ್ಧತಿಯಿಂದ. ಎಫ್. ಎಂ. ಅಲೆಕ್ಸಾಂಡರ್ 1869ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದೋರು, ಸ್ಟೇಜ್ ಮೇಲೆ ಷೇಕ್ಸ್‌ಪಿಯರ್ ಓದೋದು ಅವರ ಕಸುಬು. ಸ್ಟೇಜ್ ಮೇಲೆ ಮಾತ್ರ ಗಂಟಲು ಕಟ್ಟೋದು, ಡಾಕ್ಟರ್‌ಗಳಿಗೆ ಕಾರಣ ಸಿಗ್ಲಿಲ್ಲ. ಕೊನೆಗೆ ಕನ್ನಡಿ ಇಟ್ಕೊಂಡು ತಮ್ಮನ್ನೇ ನೋಡ್ಕೊಂಡ್ರು, ಮಾತಾಡೋಕೆ ಬಾಯಿ ತೆಗೆದ ಕ್ಷಣಾನೇ ತಲೆ ಹಿಂದಕ್ಕೆ ಎಳೆದು ಕತ್ತು ಬಿಗಿ ಮಾಡ್ತಿರೋದು ಕಾಣಿಸ್ತು, ಅದನ್ನ ಬಿಡೋದು ಕಲಿಯೋಕೆ ವರ್ಷಗಳೇ ಹಿಡೀತು. 1904ರಲ್ಲಿ ಲಂಡನ್ನಿಗೆ ಹೋಗಿ ಇದನ್ನೇ ಕಲಿಸ್ತಾ ಕೂತ್ರು. 2008ರಲ್ಲಿ ಇಂಗ್ಲೆಂಡಲ್ಲಿ ಹಳೇ ಸೊಂಟನೋವಿರೋ 579 ಜನರ ಮೇಲೆ ಒಂದು ದೊಡ್ಡ ಸ್ಟಡಿ ಪ್ರಕಟ ಆಯ್ತು. ಟೀಚರ್ ಹತ್ರ 24 ಪಾಠ ತಗೊಂಡೋರಿಗೆ ವರ್ಷ ಆದ್ಮೇಲೆ ನಾಲ್ಕು ವಾರದಲ್ಲಿ ನೋವಿರೋ ದಿನ ಸುಮಾರು 3, ಮಾಮೂಲಿ ಚಿಕಿತ್ಸೆ ಮಾತ್ರ ತಗೊಂಡೋರಿಗೆ 21. ಆದ್ರೆ ಅದು ಸೊಂಟನೋವಿನ ಮೇಲೆ, ಅದೂ ಟೀಚರ್ ಕೈಹಿಡಿದು ಕಲಿಸಿದ್ದು, ಮನೇಲಿ ಒಬ್ರೇ ಮಲಗಿದ್ರೆ ಅಷ್ಟೇ ರಿಸಲ್ಟ್ ಬರುತ್ತೆ ಅಂತ ನಾನು ಹೇಳ್ತಿಲ್ಲ.

ಸ್ಟೆಪ್ 3: ಟೇಬಲ್, ಕುರ್ಚಿ, ಸ್ಕ್ರೀನ್

ವರ್ಕ್ ಫ್ರಮ್ ಹೋಮ್ ಮಾಡೋರಲ್ಲಿ ಎಷ್ಟೋ ಜನ ಡೈನಿಂಗ್ ಟೇಬಲ್ ಮೇಲೇ ಕೆಲಸ ಮಾಡೋದು. ಅದರ ಎತ್ತರ ಸುಮಾರು 75 ಸೆಂಟಿಮೀಟರ್ ಇರುತ್ತೆ, ಐದಡಿ ಎರಡಿಂಚು ಇರೋರಿಗೆ ಅದು ಜಾಸ್ತಿನೇ ಆಯ್ತು. ಟೈಪ್ ಮಾಡೋಕೆ ಮೊಣಕೈ ಎತ್ಬೇಕು, ಮೊಣಕೈ ಎತ್ತಿದ್ರೆ ಭುಜ ಏಳುತ್ತೆ, ಎಂಟು ಗಂಟೆ ಭುಜ ಎತ್ಕೊಂಡು ಕೂತ್ರೆ ಯಾವ ಎಕ್ಸರ್ಸೈಜೂ ಉಪಯೋಗಕ್ಕೆ ಬರಲ್ಲ. ಟೇಬಲ್ ಕುಯ್ಯೋಕಂತೂ ಆಗಲ್ಲ, ಹಂಗಾಗಿ ಕುರ್ಚಿ ಮೇಲೆ ಗಟ್ಟಿ ಕುಶನ್ ಹಾಕಿ ನೀವು ಮೇಲೇರಿ, ಕಾಲು ನೇತಾಡಿದ್ರೆ ಪಾದದ ಕೆಳಗೆ ಒಂದು ಮಣೆ ಇಟ್ಕೊಳ್ಳಿ. ಭುಜ ಇಳಿಬಿಟ್ಟು ಮೊಣಕೈ ಮಡಚಿದಾಗ ಕೈ ಎಲ್ಲಿ ಬರುತ್ತೋ ಕೀಬೋರ್ಡ್ ಅಲ್ಲಿರ್ಬೇಕು, ಈ ಒಂದು ಅಳತೆ ಸಾಕು.

ಲ್ಯಾಪ್‌ಟಾಪಿನ ಕಷ್ಟ ಏನಂದ್ರೆ ಸ್ಕ್ರೀನು ಕೀಬೋರ್ಡು ಒಂದಕ್ಕೊಂದು ಅಂಟ್ಕೊಂಡಿರೋದು, ಕೈಗೆ ಸರಿ ಮಾಡಿದ್ರೆ ಕತ್ತು ಬಗ್ಗುತ್ತೆ, ಕತ್ತಿಗೆ ಸರಿ ಮಾಡಿದ್ರೆ ಕೈ ಏಳುತ್ತೆ. ಸ್ಟ್ಯಾಂಡ್ ಇಲ್ಲದಿದ್ರೆ ದಪ್ಪ ಪುಸ್ತಕಗಳ ಮೇಲಾದ್ರೂ ಲ್ಯಾಪ್‌ಟಾಪ್ ಇಟ್ಟು, ಬೇರೆ ಕೀಬೋರ್ಡ್ ಮೌಸ್ ಹಾಕ್ಕೊಳ್ಳಿ. ಸ್ಕ್ರೀನ್ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ, ದೂರ ಒಂದು ತೋಳಷ್ಟು. ಪ್ರೋಗ್ರೆಸಿವ್ ಕನ್ನಡಕ (ದೂರಕ್ಕೂ ಹತ್ರಕ್ಕೂ ಒಂದೇ ಗಾಜಲ್ಲಿ ಪವರ್ ಇರೋದು) ಹಾಕೋರು ಇನ್ನೂ ಸ್ವಲ್ಪ ಕೆಳಗೇ ಇಡಿ, ಇಲ್ಲಾಂದ್ರೆ ಕನ್ನಡಕದ ಕೆಳಭಾಗದಿಂದ ನೋಡೋಕೆ ಗದ್ದ ಎತ್ತಿ ಎತ್ತಿ ಕತ್ತಿನ ಹಿಂದೆ ಹಿಡ್ಕೊಳ್ಳುತ್ತೆ. ಅಕ್ಷರ ಸಣ್ಣದಾಗಿದ್ರೆ ತಲೆ ಮುಂದಕ್ಕೆ ಹೋಗೇ ಹೋಗುತ್ತೆ, ಜೂಮ್ ಜಾಸ್ತಿ ಮಾಡಿ, ದುಡ್ಡು ಖರ್ಚಿಲ್ಲದ ಪರಿಹಾರ.

ಸ್ಟೆಪ್ 4: ಕೂರೋದು, ಏಳೋದು

ಕುರ್ಚಿ ಮೇಲೆ ಕೂತು ಅಂಗೈನ ಕುಂಡಿ ಕೆಳಗೆ ಇಟ್ಟು ನೋಡಿ, ಎರಡು ಗಟ್ಟಿ ಮೂಳೆ ಚುಚ್ಚುತ್ತೆ. ತೂಕ ಅವುಗಳ ಮೇಲಿರ್ಬೇಕು. ಕುಸಿದು ಕೂತಾಗ ತೂಕ ಅದರ ಹಿಂದಕ್ಕೆ, ಬಾಲಮೂಳೆ ಕಡೆ ಹೋಗುತ್ತೆ. ಕೈ ತೆಗೆದು, ಆ ಎರಡು ಮೂಳೆ ಮೇಲೆ ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ತೂಗಾಡಿ, ಎಲ್ಲಿ ಬೆನ್ನಿಗೆ ಕೆಲಸವೇ ಇಲ್ಲ ಅನ್ನಿಸುತ್ತೋ ಅಲ್ಲಿ ನಿಲ್ಲಿ. ಪರ್ಸ್ ಹಿಂದಿನ ಜೇಬಲ್ಲಿದ್ರೆ ತೆಗೀರಿ, ಒಂದು ಕಡೆ ಎದ್ದು ಸೊಂಟ ಓರೆ ಆಗಿರುತ್ತೆ. ಬೆನ್ನಿಗೆ ಕುರ್ಚಿ ಸಪೋರ್ಟ್ ತಗೊಳ್ಳೋದು ಸೋಮಾರಿತನ ಅಲ್ಲ, ಧಾರಾಳವಾಗಿ ಒರಗಿ.

ಏಳೋವಾಗ ಗಮನಿಸಿ, ಬಹಳಷ್ಟು ಜನ ಮೊದ್ಲು ಮಾಡೋದು ಗದ್ದ ಎತ್ತಿ ಕತ್ತು ಹಿಂದಕ್ಕೆ ಮಡಚೋದು, ಅಲೆಕ್ಸಾಂಡರ್ ಕನ್ನಡೀಲಿ ಕಂಡಿದ್ದೂ ಇದೇ ಥರದ್ದು. ಅದನ್ನ ಬಿಟ್ಟು, ಪಾದ ಮಂಡಿಯ ಕೆಳಗೆ ಎಳ್ಕೊಳ್ಳಿ, ತೊಡೆ ಸಂದಿನಿಂದ ಇಡೀ ಮುಂಡ ಮುಂದಕ್ಕೆ ಬಾಗ್ಲಿ, ಮೂಗು ಪಾದದ ನೇರಕ್ಕೆ ಬಂದಾಗ ಕಾಲು ಒತ್ತಿ ಎದ್ದೇಳಿ. ಬಗ್ಗೋ ಜಾಗ ಸೊಂಟ ಅಂತ ನಾವು ಅಂದ್ಕೊಂಡಿರ್ತೀವಿ, ನಿಜವಾದ ಕೀಲು ಅದಕ್ಕಿಂತ ಕೆಳಗೆ, ತೊಡೆ ಮುಂಡಕ್ಕೆ ಸೇರೋ ಮಡಿಕೆಯಲ್ಲಿ. ಗದ್ದೇಲಿ ನಾಟಿ ಮಾಡೋ ಹೆಂಗಸರನ್ನ ನೋಡಿ, ಎಷ್ಟೋ ಜನರ ಮಡಿಕೆ ಸರಿಯಾಗಿ ಅಲ್ಲೇ ಬಿದ್ದಿರುತ್ತೆ. ಹಾಗಂತ ಅವರಿಗೆ ಸೊಂಟನೋವೇ ಬರಲ್ಲ ಅಂತೇನಿಲ್ಲ, ದಿನಗಟ್ಟಲೆ ಬಗ್ಗಿದ್ರೆ ಯಾರಿಗಾದ್ರೂ ಬರುತ್ತೆ.

20 ಲೀಟರ್ ನೀರಿನ ಕ್ಯಾನ್ ಎತ್ತೋವಾಗ್ಲೂ ಇದೇ ಮಡಿಕೆ. ಕ್ಯಾನ್ ಮೈಗೆ ತಾಗೋ ಅಷ್ಟು ಹತ್ರ ನಿಂತು, ಮಂಡಿ ಮತ್ತು ತೊಡೆ ಸಂದು ಎರಡೂ ಮಡಚಿ ಎತ್ತಿ, ತಿರುಗ್ಬೇಕಾದ್ರೆ ಪಾದ ಸಮೇತ ತಿರುಗಿ, ಸೊಂಟ ತಿರುಚ್ಬೇಡಿ. ತುಂಬಿದ ಗ್ಯಾಸ್ ಸಿಲಿಂಡರ್ ಅಂತೂ 14.2 ಕೆಜಿ ಗ್ಯಾಸಿಗೆ ಅಷ್ಟೇ ತೂಕದ ಕಬ್ಬಿಣ ಸೇರಿ ಸುಮಾರು 30 ಕೆಜಿ, ಅದನ್ನ ಎತ್ಬೇಡಿ, ಬುಡ ಓರೆ ಮಾಡಿ ಉರುಳಿಸಿ.

ಸ್ಟೆಪ್ 5: ಅರ್ಧ ಗಂಟೆಗೊಂದು ಸಲ ಅಲ್ಲಾಡಿ

ಫಿಸಿಯೋಥೆರಪಿಸ್ಟ್‌ಗಳು ಹೇಳೋ ಒಂದು ಮಾತಿದೆ, ಮುಂದಿನ ಭಂಗಿನೇ ಬೆಸ್ಟ್ ಭಂಗಿ ಅಂತ. ಎಷ್ಟೇ ಪರ್ಫೆಕ್ಟಾಗಿ ಕೂತ್ರೂ ಮೂರು ಗಂಟೆ ಹಾಗೇ ಕೂತ್ರೆ ಹಿಡ್ಕೊಳ್ಳುತ್ತೆ. ಚಕ್ಕಂಬಕ್ಕಳ ಹಾಕಿ ಕೂರಿ, ಒರಗಿ, ಮುಂದೆ ಬನ್ನಿ, ನಿಂತು ಮೀಟಿಂಗ್ ಅಟೆಂಡ್ ಮಾಡಿ, ಏನಾದ್ರೂ ಬದಲಾಯಿಸ್ತಾ ಇರಿ. ಕುಸಿದು ಕೂರೋದೂ ಪಾಪ ಅಲ್ಲ, ಅದ್ರಲ್ಲೇ ಇಡೀ ದಿನ ಇರ್ಬೇಡಿ ಅಷ್ಟೇ.

ಅಲಾರಂ ಇಟ್ರೆ ಎರಡು ದಿನ ಕೇಳ್ತೀರಿ, ಮೂರನೇ ದಿನ ಸ್ನೂಜ್. ಅದಕ್ಕಿಂತ ಸಣ್ಣ ಲೋಟ ಇಟ್ಕೊಳ್ಳೋದು ವಾಸಿ, ನೀರು ಖಾಲಿ ಆದಾಗ್ಲೆಲ್ಲ ಏಳ್ಬೇಕಾಗುತ್ತೆ, ಕುಡಿದ ನೀರು ಇನ್ನೊಂದು ಸಲ ಎಬ್ಬಿಸುತ್ತೆ. ಕ್ಯಾಮೆರಾ ಆನ್ ಬೇಡದ ಕಾಲ್ ಎಲ್ಲ ನಡೀತಾ ಮಾತಾಡಿ. ಎದ್ದಾಗ ಒಂದು ನಿಮಿಷ ಭುಜ ಹಿಂದಕ್ಕೆ ದೊಡ್ಡದಾಗಿ ಸುತ್ತಿಸಿ, ಕೈ ಮೇಲೆತ್ತಿ ಒಳ್ಳೇ ಆಕಳಿಕೆ ಬರೋ ಹಾಗೆ ಮೈಮುರೀರಿ.

ಸ್ಟೆಪ್ 6: ಫೋನು

2014ರಲ್ಲಿ ಒಬ್ಬ ಅಮೆರಿಕನ್ ಸರ್ಜನ್ ಕಂಪ್ಯೂಟರ್ ಮಾಡೆಲ್ ಲೆಕ್ಕದಲ್ಲಿ, ತಲೆ 60 ಡಿಗ್ರಿ ಬಗ್ಗಿಸಿದ್ರೆ ಕತ್ತಿನ ಮೇಲೆ 27 ಕೆಜಿಯಷ್ಟು ಒತ್ತಡ ಬೀಳುತ್ತೆ ಅಂದ್ರು, ಆ ಚಿತ್ರ ವಾಟ್ಸಾಪಲ್ಲಿ ಎಲ್ರಿಗೂ ಬಂದಿದೆ. ಅದು ಲೆಕ್ಕ, ಜನರ ಕತ್ತಲ್ಲಿ ಅಳೆದಿದ್ದಲ್ಲ, ಅದನ್ನ ನೋಡಿ ಹೆದರ್ಕೊಳ್ಳೋದು ಬೇಡ. ಬಗ್ಗೋದು ಕತ್ತಿನ ಮಾಮೂಲಿ ಕೆಲಸವೇ, ಒಂದೂವರೆ ಗಂಟೆ ರೀಲ್ಸ್ ನೋಡ್ತಾ ಹಾಗೇ ಇರೋದು ಮಾತ್ರ ಅದಕ್ಕೆ ಆಗಲ್ಲ. ಫೋನ್ ಹಿಡಿದಿರೋ ಮೊಣಕೈ ಕೆಳಗೆ ದಿಂಬು ಇಟ್ಟು ಫೋನ್ ಮೇಲಕ್ಕೆ ತನ್ನಿ. ಕಿವಿ-ಭುಜದ ಮಧ್ಯೆ ಫೋನ್ ಸಿಕ್ಕಿಸ್ಕೊಂಡು ಪಲ್ಯಕ್ಕೆ ಹೆಚ್ಚೋದನ್ನ ಇವತ್ತೇ ನಿಲ್ಲಿಸಿ, ಸ್ಪೀಕರ್ ಇದೆ, ಇಯರ್‌ಫೋನ್ ಇದೆ.

ಸ್ಟೆಪ್ 7: ನಾಲ್ಕು ವ್ಯಾಯಾಮ

ಗದ್ದ ಹಿಂದಕ್ಕೆ: ನೋಟ ನೇರ ಇಟ್ಟು, ತಲೆ ಬಗ್ಗಿಸದೆ, ಗದ್ದನ ಸೀದಾ ಹಿಂದಕ್ಕೆ ಜಾರಿಸಿ, ಡಬಲ್ ಚಿನ್ ಕಾಣ್ಸುತ್ತೆ, ಕಾಣ್ಲಿ. ಎರಡು ಸೆಕೆಂಡ್ ಇಟ್ಟು ಬಿಡಿ. ಎಂಟ್ಹತ್ತು ಸಲ. ಕೈಗೆ ಜೋಮು ಬಂದ್ರೆ ನಿಲ್ಲಿಸಿ.

ಬಾಗಿಲಲ್ಲಿ ಎದೆ ಹಿಗ್ಗಿಸೋದು: ಮೊಣಕೈ ಭುಜದ ಎತ್ತರಕ್ಕೆ ಮಡಚಿ ಬಾಗಿಲ ಚೌಕಟ್ಟಿಗೆ ಒತ್ತಿ, ಒಂದು ಹೆಜ್ಜೆ ಮುಂದಿಟ್ಟು ಎದೆ ಮುಂದಕ್ಕೆ ಬಿಡಿ. ಮೂವತ್ತು ಸೆಕೆಂಡ್, ಎರಡು ಸಲ.

ಟವೆಲ್ ಸುರುಳಿ: ದಪ್ಪ ಟರ್ಕಿ ಟವೆಲ್ ಸುತ್ತಿ ಭುಜದ ಹಲಗೆ ಮೂಳೆಗಳ ಕೆಳತುದಿಗೆ ಅಡ್ಡಲಾಗಿ ಬರೋ ಹಾಗೆ ಇಟ್ಟು ಮಲಗಿ, ತಲೆಗೆ ಸಣ್ಣ ದಿಂಬು, ಎರಡು ನಿಮಿಷ. ಕೋಲಾರದ ಬೆಳ್ಳೂರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ಬ್ಲಾಕು, ಬೆಲ್ಟು, ಕುರ್ಚಿ, ಕಂಬಳಿ ಎಲ್ಲ ಯೋಗಕ್ಕೆ ತಂದಿದ್ದು ಇದೇ ಥರ, ಮೈ ಎಷ್ಟು ಬಾಗುತ್ತೋ ಅಷ್ಟಕ್ಕೆ ಆಸರೆ ಕೊಡೋಕೆ. ಮೂಳೆ ಸವೆತ ಇದೆ ಅಂತ ಡಾಕ್ಟರ್ ಹೇಳಿರೋರು ಕೇಳದೆ ಮಾಡ್ಬೇಡಿ.

ನಾಲ್ಕನೇದು ಬಲಕ್ಕೆ, ಇದನ್ನೇ ಎಲ್ರೂ ಬಿಡೋದು. ರಬ್ಬರ್ ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದ್ರೆ ಹಿಗ್ಗೋ ವ್ಯಾಯಾಮದ ಪಟ್ಟಿ) ಮೇಲೆ ನಿಂತು, ಎರಡೂ ತುದಿ ಹಿಡಿದು, ಕೈನ ಪಕ್ಕಕ್ಕೆ ಭುಜದ ಎತ್ತರದವರೆಗೂ ಎತ್ತಿ ಇಳಿಸೋದು. ಡೆನ್ಮಾರ್ಕಲ್ಲಿ ಕತ್ತು-ಭುಜ ನೋವಿರೋ 198 ಜನರ ಮೇಲೆ ಮಾಡಿ 2011ರಲ್ಲಿ ಪ್ರಕಟಿಸಿದ ಸ್ಟಡೀಲಿ ಇದನ್ನೇ ಮಾಡಿಸಿದ್ರು, ಒಂದು ಗುಂಪಿಗೆ ದಿನಕ್ಕೆ 2 ನಿಮಿಷ, ಇನ್ನೊಂದಕ್ಕೆ 12 ನಿಮಿಷ, ವಾರಕ್ಕೆ ಐದು ದಿನ. 10 ವಾರ ಆದ್ಮೇಲೆ ಎರಡೂ ಗುಂಪಲ್ಲಿ ನೋವು ಕಮ್ಮಿ ಆಗಿತ್ತು. ಎರಡೇ ನಿಮಿಷ! ಟೈಮ್ ಇಲ್ಲ ಅನ್ನೋ ಹಾಗೂ ಇಲ್ಲ. ಬ್ಯಾಂಡ್ ಇಲ್ಲದಿದ್ರೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಶುರು ಮಾಡಿ, ಭುಜ ಕಿವಿಗೆ ಏರದ ಹಾಗೆ ನೋಡ್ಕೊಳ್ಳಿ. ಮೊದಲೆರಡು ದಿನ ಮೈಕೈ ನೋವು ಮಾಮೂಲಿ, ಚುಚ್ಚೋ ನೋವು ಬಂದ್ರೆ ಭಾರ ಇಳಿಸಿ.

ಸ್ಟೆಪ್ 8: ನಿದ್ದೆ

ಮಗ್ಗುಲಾಗಿ ಮಲಗೋರಿಗೆ ದಿಂಬು ಕಿವಿಯಿಂದ ಭುಜದ ತುದಿವರೆಗಿನ ಗ್ಯಾಪ್ ತುಂಬೋ ಅಷ್ಟು ದಪ್ಪ ಇರ್ಬೇಕು, ಅಂಗಾತ ಮಲಗೋರಿಗೆ ಅದಕ್ಕಿಂತ ತೆಳು. ಬೋರಲು ಮಲಗಿದ್ರೆ ರಾತ್ರಿಯೆಲ್ಲ ಕತ್ತು ಒಂದೇ ಕಡೆ ತಿರುಗಿರುತ್ತೆ, ಬೆಳಗ್ಗೆ ಎದ್ದಾಗ ಕತ್ತು ಹಿಡ್ಕೊಂಡಿರೋದು ಇದರಿಂದಾನೇ ಇರ್ಬಹುದು. ಎದೆಗೆ ಒಂದು ದಿಂಬು ತಬ್ಕೊಂಡು ಮಲಗೋ ಅಭ್ಯಾಸ ಮಾಡಿದ್ರೆ ನಿದ್ದೇಲಿ ಬೋರಲಾಗೋದು ಕಮ್ಮಿ ಆಗುತ್ತೆ.

ಎಷ್ಟು ದಿನಕ್ಕೆ, ಏನ್ ಕೊಳ್ಳೋದು

ನೆಲದ ಮೇಲೆ ಮಲಗೋದ್ರಿಂದ ಅವತ್ತೇ ಸ್ವಲ್ಪ ಹಗುರ ಅನ್ನಿಸ್ಬಹುದು, ಬಲ ಬರೋಕೆ ಮಾತ್ರ ಎರಡು ಮೂರು ತಿಂಗಳು ಇಟ್ಕೊಳ್ಳಿ. ಆರು ವಾರ ಬಿಡದೆ ಮಾಡಿದ್ರೂ ಏನೂ ಬದಲಾವಣೆ ಇಲ್ಲ ಅಂದ್ರೆ ಫಿಸಿಯೋಥೆರಪಿಸ್ಟ್ ಹತ್ರ ಹೋಗಿ, ಕೂತ್ಕೊಂಡು ಎದ್ದು ತೋರಿಸಿ. ಬಿಸಿನೀರಿನ ಶಾಖ, ಮಸಾಜ್, ಮುಲಾಮು ಇವೆಲ್ಲ ನೋವು ತಗ್ಗಿಸೋಕೆ ಓಕೆ, ಹಚ್ಕೊಂಡು ಮತ್ತೆ ಅದೇ ಟೇಬಲ್ಲಿಗೆ ಅದೇ ಥರ ಕೂತ್ರೆ ಮಾರನೇ ದಿನ ನೋವು ಹಾಜರ್.

ಬೆನ್ನಿಗೆ ಕಟ್ಕೊಳ್ಳೋ ಪೋಸ್ಚರ್ ಬೆಲ್ಟ್ ಆನ್‌ಲೈನಲ್ಲಿ ಜೋರಾಗಿ ಮಾರ್ತಾರೆ, ನನ್ನ ಕೇಳಿದ್ರೆ ಬೇಡ, ಭುಜನ ಹಿಂದಕ್ಕೆ ಎಳೆದು ಕಟ್ಟೋದು ಅಂದ್ರೆ ಶುರುವಲ್ಲಿ ಬೇಡ ಅಂದಿದ್ದೆನಲ್ಲ, ಅದನ್ನೇ ದಾರ ಹಾಕಿ ಮಾಡಿದ ಹಾಗೆ. ಸ್ಟ್ಯಾಂಡಿಂಗ್ ಡೆಸ್ಕ್ ಚೆನ್ನಾಗಿದೆ, ದಿನವಿಡೀ ನಿಂತ್ರೆ ಕಾಲು ಸೊಂಟ ಎರಡೂ ಹೋಗುತ್ತೆ, ಕೂರೋದು ನಿಲ್ಲೋದು ಬದಲಾಯಿಸ್ತೀನಿ ಅನ್ನೋರು ಮಾತ್ರ ತಗೊಳ್ಳಿ. ಕೈಲಿರೋ ದುಡ್ಡಲ್ಲಿ ಮೊದ್ಲು ಒಂದು ಲ್ಯಾಪ್‌ಟಾಪ್ ಸ್ಟ್ಯಾಂಡು, ಸಾದಾ ಕೀಬೋರ್ಡು, ಮೌಸು, ಒಂದು ರೆಸಿಸ್ಟೆನ್ಸ್ ಬ್ಯಾಂಡು ತಂದ್ಬಿಡಿ. ಕುರ್ಚಿ ವಿಷ್ಯ ಅದಾದ್ಮೇಲೆ ನೋಡ್ಕೊಳ್ಳೋಣ.